ಉದ್ದಣ್ಣನ ವಿಷಯ ಎತ್ತಬೇಡಿ

ನಮ್ಮ ಮನೆಯ ಬೆಲ್ ಕೆಟ್ಟಿರಲಿಲ್ಲ. ನಾವೇ ಕಿತ್ತು ಬೀರುವಿನಲ್ಲಿಟ್ಟಿದ್ದೆವು. ಬಂದವರು ಬಾಗಿಲು ಬಡಿಯತೊಡಗಿದರು. ಬಡಿದರೆ ನನ್ನ ಗಂಡ ಕೂತಲ್ಲೇ ಬೆಚ್ಚಿ ಬೀಳುತ್ತಿದ್ದರು. ಅದಕ್ಕೆ ನಮ್ಮತ್ತೆ 'ಬಾಗಿಲು ಬಡಿಯಬೇಡಿ' ಎಂದು ಬರೆದು ಅಂಟಿಸಿದರು. ಬೆಲ್ ಇಲ್ಲ, ಬಡಿಯುವಂತಿಲ್ಲ, ಫೋನು ಸದ್ದು ಮಾಡುವಂತಿಲ್ಲ. ಬಂದವರು ಗೋಡೆ ಹಾರಬೇಕೇ? ಹನ್ನೊಂದು ತಿಂಗಳು ಹೀಗೇ ಬದುಕಿದೆವು. ನೆನೆದರೆ ಈಗಲೂ ಮೈ ಉರಿಯುತ್ತದೆ.

ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. ಜೊತೆಗೆ ಕೆಲಸ ಮಾಡುತ್ತಿದ್ದವರು ಉದ್ದಣ್ಣ. ನಮ್ಮ ಮನೆಯೊಳಗೆ ಬರುವಾಗ ತಲೆ ಬಗ್ಗಿಸಬೇಕಾದಷ್ಟು ಎತ್ತರದ ಮನುಷ್ಯ, ಅದಕ್ಕೇ ಆ ಹೆಸರು. ಒಂದು ಮಧ್ಯಾಹ್ನ ಉದ್ದಣ್ಣ ಲಿಫ್ಟಿನ ಕೆಳಗಿನ ಗುಂಡಿಗೆ ಇಳಿದಿದ್ದಾಗ ಯಾರೋ ತಿಳಿಯದೆ ಮೇನ್ ಸ್ವಿಚ್ ಹಾಕಿಬಿಟ್ಟರು. ಟಿಂಗ್ ಎಂದಿತು, ಲಿಫ್ಟ್ ಕೆಳಗಿಳಿಯಿತು. ನನ್ನ ಗಂಡ ಎರಡು ಮಾರು ದೂರದಲ್ಲಿ ನಿಂತಿದ್ದರು.

"ನಾನೇ ಕೊಂದೆ" ಎಂದು ಅಂದು ಒಮ್ಮೆ ಹೇಳಿ ಬಾಯಿ ಮುಚ್ಚಿದವರು ಮತ್ತೆ ಆ ಮಾತೆತ್ತಲಿಲ್ಲ. ಟಿಂಗ್ ಎಂದರೆ ಬೆವರುತ್ತಿದ್ದರು. ನಿದ್ದೆ ಹೋಯಿತು, ಕೆಲಸ ನಿಂತಿತು, ಸಣ್ಣದಕ್ಕೂ ರೇಗಾಟ ಶುರುವಾಯಿತು. ನಾವು ಜಾಣರು ಮನೆಯಲ್ಲಿ ಒಂದು ಕಾನೂನು ಮಾಡಿದೆವು: ಉದ್ದಣ್ಣನ ವಿಷಯ ಎತ್ತಬೇಡಿ.

ಉದ್ದಣ್ಣನ ಹೆಂಡತಿ ಮೂರು ಸಲ ಬಂದಳು. ಗಂಡನಿಗೆ ಕೊನೆಗೆ ಏನಾಯಿತು ಎಂದು ತಿಳಿಯಬೇಕಿತ್ತು, ಅಷ್ಟೇ. "ಮಲಗಿದಾನಮ್ಮ" ಎಂದು ಅತ್ತೆ ಮೂರು ಸಲವೂ ಸಾಗಹಾಕಿದರು. ಅವಳಿಗೆ ಉತ್ತರ ಕೊಡಬಲ್ಲವರು ಒಬ್ಬರೇ, ಅವರು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದರು. ಅವಳ ಮುಖ ನೋಡಲು ನನಗೆ ನಾಚಿಕೆಯಾಗುತ್ತಿತ್ತು.

ಒಂದು ದಿನ ಆರೋಗ್ಯ ಕೇಂದ್ರದ ನರ್ಸಕ್ಕ ಅತ್ತೆಯ ಬಿಪಿ ನೋಡಲು ಬಂದರು. ಉದ್ದಣ್ಣನ ಸಾವಿನ ಸುದ್ದಿ ಅವರಿಗೂ ಗೊತ್ತಿತ್ತು. ಬಾಗಿಲ ಚೀಟಿಯನ್ನು ಓದಿಕೊಂಡೇ ಒಳಬಂದರು.

"ಇದನ್ನ ಯಾರು ಬರೆದದ್ದು?"

"ನಾನೇ. ಅವನಿಗೆ ಹಿಂಸೆ ಆಗಬಾರದು ಅಂತ" ಎಂದರು ಅತ್ತೆ.

"ಬರೆದ ಮೇಲೆ ಭಯ ಕಮ್ಮಿ ಆಯ್ತಾ?"

ಅತ್ತೆ ಬಿಪಿ ಪಟ್ಟಿಗೆ ತೋಳು ಮುಂದೆ ಮಾಡಿದರು. ನಾನೇ ಹೇಳಿದೆ, "ಎಲ್ಲಿ ಕಮ್ಮಿ? ಮೊದಲು ಲಿಫ್ಟ್ ಅಂದ್ರೆ ಮಾತ್ರ ಹೆದರ್ತಿದ್ರು. ಆಮೇಲೆ ಬೆಲ್. ಈಗ ಪಕ್ಕದ ಮನೆ ಸೈಕಲ್ಲಿಗೂ ಹೆದರ್ತಾರೆ."

"ನೀವು ಜಾಗ ಬಿಟ್ಟಷ್ಟೂ ಭಯ ಕಾಲು ಚಾಚುತ್ತೆ. ಇದು ಹುಚ್ಚಲ್ಲ, ಹೇಡಿತನವೂ ಅಲ್ಲ. ಕಣ್ಣೆದುರು ಅಂಥದ್ದು ನಡೆದ್ರೆ ಕೆಲವರ ಮನಸ್ಸಿಗೆ ಅದು ಮುಗಿದೇ ಇರಲ್ಲ. ಆಸ್ಪತ್ರೇಲಿ ಇದಕ್ಕೆ ತರಬೇತಿ ಪಡೆದ ಮೇಡಮ್ ಇದಾರೆ. ಮಾತಿನಿಂದಲೇ ವಾಸಿ ಮಾಡ್ತಾರೆ."

ನನಗೆ ರೇಗಿತು. "ಮಾತಿಂದ ವಾಸಿ ಆಗೋ ಹಾಗಿದ್ರೆ ನಮ್ಮತ್ತೆ ಇಷ್ಟೊತ್ತಿಗೆ ಬೀದಿಗೆಲ್ಲ ಡಾಕ್ಟರಾಗಿರ್ತಿದ್ರು."

ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ನರ್ಸಕ್ಕ ನಗಲಿಲ್ಲ.

"ಅದು ಹರಟೆ ಅಲ್ಲಮ್ಮ, ಅದಕ್ಕೊಂದು ಕ್ರಮ ಇದೆ. ವಾರಕ್ಕೊಮ್ಮೆ, ಸಾಮಾನ್ಯವಾಗಿ ಎರಡು ಮೂರು ತಿಂಗಳು. ನಡೆದದ್ದನ್ನ ಅವರ ಎದುರು ಕೂತು ನಿಧಾನಕ್ಕೆ ಹೇಳಬೇಕು, ಮತ್ತೆ ಮತ್ತೆ ಹೇಳಬೇಕು. ದೂರ ಇಟ್ಟದ್ದನ್ನ ಒಂದೊಂದಾಗಿ ಹತ್ತಿರ ತಂದುಕೊಳ್ಳಬೇಕು. ಮೊದಮೊದಲು ಸಂಕಟ ಹೆಚ್ಚಾಗಬಹುದು. ಆಗ ಬಿಟ್ಟು ಓಡಬೇಡಿ, ಅವರಿಗೇ ಹೇಳಿ."

ಒಳಗಿನಿಂದ ನನ್ನ ಗಂಡನ ದನಿ ಬಂತು. "ಎಲ್ಲಾ ಹೇಳಲೇಬೇಕಾ?"

"ಆದಷ್ಟು. ಯಾರೂ ಒತ್ತಾಯ ಮಾಡಲ್ಲ" ಎಂದರು ನರ್ಸಕ್ಕ.

ನನ್ನ ಗಂಡ ಹೋದರು. ಆ ಮೇಡಮ್ಮಿನ ಕೋಣೆ ಮೂರನೇ ಮಹಡಿಯಲ್ಲಿ, ಇನ್ನೆಲ್ಲಿರುತ್ತದೆ ಹೇಳಿ. ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿದರು. ಎರಡನೇ ವಾರ ಮನೆಗೆ ಬಂದು ಕುರ್ಚಿ ಒದ್ದರು. "ಇದ್ದದ್ದನ್ನೂ ಕೆಡಿಸಿದರು, ಸಾಕು ಮಾಡು" ಎಂದು ಅತ್ತೆ ಕೂಗಾಡಿದರು. ನಾನೂ ಬಿಡಿಸುವುದರಲ್ಲಿದ್ದೆ. ಆದರೂ ಮೇಡಮ್ಮಿಗೆ ಫೋನ್ ಮಾಡಿದೆ. "ನಾಳೆ ಕರ್ಕೊಂಡು ಬನ್ನಿ, ಸ್ವಲ್ಪ ನಿಧಾನ ಮಾಡೋಣ" ಎಂದರು.

ಐದನೇ ವಾರ ಒಂದು ಸಂಗತಿ ಹೊರಬಂತು. ಲಿಫ್ಟ್ ಕೆಲಸದಲ್ಲಿ ಒಂದು ಪದ್ಧತಿ ಇದೆ. ಗುಂಡಿಗೆ ಇಳಿಯುವವರು ಮೇನ್ ಸ್ವಿಚ್ಚಿಗೆ ತಮ್ಮದೇ ಬೀಗ ಹಾಕಿ, ಬೀಗದ ಕೈ ಜೇಬಿನಲ್ಲಿಟ್ಟುಕೊಂಡೇ ಇಳಿಯಬೇಕು. ಅಂದು ನನ್ನ ಗಂಡ ಬೀಗವನ್ನು ಉದ್ದಣ್ಣನ ಮುಂದೆ ಹಿಡಿದಿದ್ದರು. "ಎರಡು ನಿಮಿಷದ ಕೆಲಸ, ಬಿಡೋ" ಎಂದು ಉದ್ದಣ್ಣ ಇಳಿದಿದ್ದರು. ಐದನೇ ಸಲ ಹೇಳುವಾಗ ಆ ಮಾತು ಬಾಯಿಗೆ ಬಂತು. ಅಲ್ಲಿಯವರೆಗೆ 'ನಾನೇ ಕೊಂದೆ' ಎನ್ನುವುದೊಂದೇ ತಲೆಯಲ್ಲಿತ್ತು.

"ನಿಮ್ಮ ತಪ್ಪೇನು ಹಾಗಾದರೆ?" ಎಂದು ಮೇಡಮ್ ಕೇಳಿದರಂತೆ.

"ನಾನು ಹಠ ಹಿಡೀಬೇಕಿತ್ತು."

"ಅದು ಕೊಲೆನಾ?"

"ಅಲ್ಲ" ಎಂದರಂತೆ. ಮನೆಗೆ ಬಂದು ನನಗಿದನ್ನು ಹೇಳುವಾಗ ಅತ್ತರು. ನಾನೂ ಅತ್ತುಬಿಟ್ಟೆ.

ಹದಿಮೂರನೇ ವಾರ ಉದ್ದಣ್ಣನ ಹೆಂಡತಿಗೆ ಅವರೇ ಫೋನ್ ಮಾಡಿ ಕರೆದರು. ಎದುರು ಕೂತು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಮಾತು ಎಲ್ಲೂ ನಿಲ್ಲಲಿಲ್ಲ. ಬೀಗದ ಮಾತು ಬಂದಾಗ ಅವಳು ಕಣ್ಣೊರೆಸಿಕೊಂಡಳು.

"ಮನೇಲೂ ಹಾಗೇ ಅಣ್ಣ. ಫ್ಯೂಸ್ ತೆಗೀರಿ ಅಂದ್ರೆ, ಎರಡು ನಿಮಿಷದ ಕೆಲಸ ಅನ್ನೋರು. ಕೊನೆಗೆ ಅವರು ಒಬ್ಬರೇ ಇರಲಿಲ್ಲ, ನೀವಿದ್ರಿ. ಅಷ್ಟು ಗೊತ್ತಾದ್ರೆ ಸಾಕಿತ್ತು ನನಗೆ."

ಅಷ್ಟು ಹೇಳಲು ನಾವು ಅವಳನ್ನು ಒಂದು ವರ್ಷಕ್ಕೂ ಹೆಚ್ಚು ಕಾಯಿಸಿದ್ದೆವು.

ಇದನ್ನು ಕೇಳುತ್ತಿರುವವರೇ, ಅಪಘಾತವೋ ಬೆಂಕಿಯೋ ಹಲ್ಲೆಯೋ ಕಂಡವರು ನಿಮ್ಮ ಮನೆಯಲ್ಲೂ ಇರಬಹುದು. ತಿಂಗಳು ಕಳೆದರೂ ಬೆಚ್ಚುತ್ತಿದ್ದರೆ, ನಿದ್ದೆಗೆಡುತ್ತಿದ್ದರೆ, ಅದರ ನೆನಪಾಗುವ ಎಲ್ಲದರಿಂದ ದೂರ ಓಡುತ್ತಿದ್ದರೆ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕರೆದುಕೊಂಡು ಹೋಗಿ. ಸಾಯುವ ಮಾತಾಡಿದರಂತೂ ಅಂದೇ ಹೋಗಿ. ಮನೆಯಲ್ಲಿ ಕೂರಿಸಿ ನೀವೇ ಬಾಯಿ ಬಿಡಿಸಲು ಹೋಗಬೇಡಿ, ಅದು ಕಲಿತವರ ಕೆಲಸ. ಜನ ಏನಂದುಕೊಳ್ಳುತ್ತಾರೋ ಎನ್ನುತ್ತೀರಾ? ನಮ್ಮ ಬಾಗಿಲ ಚೀಟಿ ನೋಡಿ ಅವರು ಅಂದುಕೊಳ್ಳುವುದೆಲ್ಲ ಅಂದುಕೊಂಡಾಗಿತ್ತು. ಈ ವಾರವೇ ಹೋಗಿ.