ತಿಂಡಿ ಆಗದವರು ಈಚೆ ಬನ್ನಿ

ಕುಕ್ಕಪ್ಪಣ್ಣನಿಗೆ ಪ್ರಶ್ನೆ ಕೇಳಿ ಗೊತ್ತು, ಉತ್ತರಕ್ಕೆ ನಿಂತು ಗೊತ್ತಿಲ್ಲ. ಶರ್ಟಿನ ಕಾಲರಿಗೆ ಹಿಂದಿನಿಂದ ಕೊಡೆ ಸಿಕ್ಕಿಸಿಕೊಂಡು, ಬಸ್ಸು ತಪ್ಪಿಹೋದೀತೆಂಬವರಂತೆ ಮುಂದಕ್ಕೆ ಬಾಗಿ ನಡೆಯುವ ಅವರು, ಐವರ್ನಾಡಿನ ದಾರಿಯಲ್ಲಿ ಎದುರಾದವರಿಗೆಲ್ಲ ಮೂವತ್ತು ಅಡಿ ದೂರದಿಂದಲೇ “ಚಾ ಆಯ್ತಾ?” ಎಂದು ಕೇಳುತ್ತಾರೆ, ಎದುರಿನವರು “ಆಯ್ತು” ಎನ್ನುವಷ್ಟರಲ್ಲಿ ಕಾಣುವುದು ಅವರ ಬೆನ್ನು ಮತ್ತು ಬೆನ್ನ ಮೇಲೆ ತೂಗುವ ಕೊಡೆ ಮಾತ್ರ.

ದಾರಿಯಲ್ಲಿ ಈ ಅಭ್ಯಾಸದಿಂದ ಯಾರಿಗೂ ತೊಂದರೆಯಾದದ್ದಿಲ್ಲ. ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಅಧ್ಯಕ್ಷರಾಗಿ ಅವರು ಅದನ್ನು ಸರಕಾರಿ ಶಾಲೆಯ ಜಗಲಿಗೆ ತಂದ ಮೇಲೆ ತೊಂದರೆ ಶುರುವಾಯಿತು, ಮತ್ತು ಅದು ಬಂದು ಬಿದ್ದದ್ದು ಬಿಸಿಯೂಟ ಬೇಯಿಸುವ ಶೀಲಾವತಿಯ ತಲೆಯ ಮೇಲೆ.

ಬೆಳಗ್ಗೆ ಮಕ್ಕಳಿಗೆ ತಿಂಡಿ ಕೊಡಬೇಕೆಂದು ಹಳೆ ವಿದ್ಯಾರ್ಥಿ ಸಂಘದವರನ್ನು ಒಪ್ಪಿಸಿದವರು ಕುಕ್ಕಪ್ಪಣ್ಣನೇ. ಅದಕ್ಕಾಗಿ ಪುತ್ತೂರಿಗೆ ನಾಲ್ಕು ಸಲ, ಕಡಬಕ್ಕೆ ಎರಡು ಸಲ ಓಡಾಡಿದ್ದರು. ಸಂಘದ ಕಾರ್ಯದರ್ಶಿ ಬರಲೆಂದು ಅವರ ಮನೆಯ ಜಗಲಿಯಲ್ಲಿ ಮಧ್ಯಾಹ್ನದ ತನಕ ಕೂತಿದ್ದರು. ಅವಲಕ್ಕಿ ಬಂತು, ಹೆಸರುಕಾಳು ಬಂತು, ಬೆಲ್ಲವೂ ಬಂತು. ಇಷ್ಟು ಒಳ್ಳೆಯದು ಮಾಡಿದ ಮನುಷ್ಯನನ್ನು ಬೈಯುವುದು ಹೇಗೆ ಎಂಬುದೇ ಶೀಲಾವತಿಯ ದೊಡ್ಡ ಸಂಕಟ.

ಬೈಯದಿರುವುದೂ ಸುಲಭವಿರಲಿಲ್ಲ. ದಿನಾ ಎಂಟೂಮುಕ್ಕಾಲಿಗೆ ಕುಕ್ಕಪ್ಪಣ್ಣ ಜಗಲಿಯ ತುದಿಗೆ ಬಂದು ನಿಲ್ಲುತ್ತಿದ್ದರು. ಗೇಟು ದಾಟಿದ ಮೇಲೆ ಮನೆಮಾತಾದ ಅರೆಭಾಷೆ ಆಡಬಾರದೆಂಬುದು ಅವರೇ ಮಾಡಿಕೊಂಡ ಕಾನೂನು, ಆದ್ದರಿಂದ ಗಂಟಲು ಸರಿಮಾಡಿಕೊಂಡು ಅಚ್ಚುಕಟ್ಟಾದ ಕನ್ನಡದಲ್ಲಿ ಕೂಗುತ್ತಿದ್ದರು: “ತಿಂಡಿ ಆಯ್ತಾ ಮಕ್ಕಳೇ? ಆಗದವರು ಈಚೆ ಬನ್ನಿ.”

ಅಂಗಳದ ಮಕ್ಕಳು ಒಂದೇ ಸ್ವರದಲ್ಲಿ ಆಯ್ತು ಎನ್ನುತ್ತಿದ್ದರು. ಈಚೆ ಬರುತ್ತಿದ್ದವರು ಇಬ್ಬರೇ, ಅಫ್ರೀದ್ ಮತ್ತು ಕೀರ್ತನ್. ಇಬ್ಬರೂ ಮನೆಯಲ್ಲಿ ಅರ್ಧ ಡಜನ್ ದೋಸೆ ತಿಂದು, ಹೊಟ್ಟೆಯಲ್ಲಿ ಇನ್ನೂ ಜಾಗ ಉಳಿಸಿಕೊಂಡು ಬರುವವರು. ಉಳಿದ ಅವಲಕ್ಕಿ ಪಕ್ಕದ ಮನೆಯ ದನಕ್ಕೆ ಹೋಗುತ್ತಿತ್ತು. ಆ ದನ ಎಂಟೂಮುಕ್ಕಾಲಿಗೆ ಸರಿಯಾಗಿ ಬೇಲಿಯ ಹತ್ತಿರ ಬಂದು ನಿಲ್ಲಲು ಕಲಿತಿತ್ತು.

ಎಲ್ಲರಿಗಿಂತ ಗಟ್ಟಿಯಾಗಿ ಆಯ್ತು ಎನ್ನುತ್ತಿದ್ದವಳು ಆರನೆಯ ತರಗತಿಯ ಪ್ರಣೀತಾ. ಅವಳ ತಾಯಿ ಐದು ಗಂಟೆಗೇ ರಬ್ಬರ್ ಟ್ಯಾಪಿಂಗಿಗೆ ಹೋಗುತ್ತಾಳೆ. ಹುಡುಗಿ ತಮ್ಮನಿಗೆ ಎರಡು ಬಿಸ್ಕಿಟು ಕೊಟ್ಟು, ಅವನನ್ನು ಅಂಗನವಾಡಿಯಲ್ಲಿ ಬಿಟ್ಟು, ಸಿಕ್ಕಿದ ಬಸ್ಸಿಗೆ ಬರುತ್ತಾಳೆ. ಬಂದವಳೇ ನಳ್ಳಿಗೆ ಬಾಯಿಕೊಟ್ಟು ಹೊಟ್ಟೆ ತುಂಬ ನೀರು ಕುಡಿಯುವುದು ಅಡುಗೆಮನೆಯ ಕಿಟಕಿಯಿಂದ ಶೀಲಾವತಿಗೆ ಕಾಣುತ್ತಿತ್ತು. ಒಂದು ದಿನ ಮೆಲ್ಲಗೆ ಒಳಗೆ ಕರೆದಳು. “ನನಗೆ ಆಯ್ತಕ್ಕಾ” ಎಂದ ಹುಡುಗಿ ಮರುದಿನದಿಂದ ಆ ನಳ್ಳಿಯ ಕಡೆಗೂ ಬರಲಿಲ್ಲ.

ಎಲ್ಲರಿಗೂ ತಟ್ಟೆ ಇಡೋಣ ಎಂದು ಶೀಲಾವತಿ ಮೂರು ಸಲ ಹೇಳಿದ್ದಳು. ಮೂರು ಸಲವೂ ಕುಕ್ಕಪ್ಪಣ್ಣನ ಉತ್ತರ ಒಂದೇ: “ಬೇಡದವರಿಗೆ ಯಾಕೆ ಕೊಡುದು ಮಾರಾಯ್ತಿ? ಬೇಕಾದವರು ಹೇಳ್ಲಿ. ನಮ್ಮದೇ ಶಾಲೆ, ನಾಚಿಕೆ ಎಂತದ್ದು?” ನಾಲ್ಕನೆಯ ವಾರ ಅವರು ಶುಕ್ರವಾರಕ್ಕೆ ಸಭೆ ಕರೆದರು. ತಿಂಡಿ ಬೇಕಾದವರು ಇಬ್ಬರೇ, ಇನ್ನು ಇದು ಸಾಕೆಂದು ಸಂಘಕ್ಕೆ ಬರೆಯುವುದು ಅವರ ಯೋಚನೆ. ಶೀಲಾವತಿಯ ಮೈ ಉರಿದದ್ದು ಆ ನಿರ್ಧಾರಕ್ಕಲ್ಲ, ಅದನ್ನು ಹೇಳುವಾಗ ಅವರ ಮುಖದಲ್ಲಿದ್ದ ಸಂತೋಷಕ್ಕೆ. ಊರಿನಲ್ಲಿ ಹಸಿದ ಮಕ್ಕಳೇ ಇಲ್ಲವೆಂದು ಅವರು ನಿಜವಾಗಿಯೂ ನಂಬಿ ಹಿಗ್ಗಿದ್ದರು.

ಶುಕ್ರವಾರ ಅವರು ಎಲ್ಲರಿಗಿಂತ ಮೊದಲು ಬಂದರು. ನಡಿಗೆಯಲ್ಲಿ ಎಂದಿನ ಬಿರುಸಿರಲಿಲ್ಲ. ಬಂದವರೇ ಅಡುಗೆಮನೆಯ ಮೆಟ್ಟಿಲಲ್ಲಿ ಕೂತುಬಿಟ್ಟರು. ಶೀಲಾವತಿ ವಾಡಿಕೆಯಂತೆ ಚಾ ಆಯ್ತಾ ಎಂದು ಕೇಳಿದಳು. ಆಯ್ತು ಎಂದರು. ಆದರೆ ಅವರ ಮೊಣಕೈಯ ಮಡಿಕೆಯಲ್ಲಿ ಹತ್ತಿಯ ಮೇಲೆ ಅಂಟಿಸಿದ ಪಟ್ಟಿ ಇತ್ತು. ಸಕ್ಕರೆ ಕಾಯಿಲೆ ಇದೆಯೋ ಎಂದು ನೋಡಿಸಲು ಖಾಲಿ ಹೊಟ್ಟೆಯಲ್ಲಿ ಪರೀಕ್ಷೆಗೆ ರಕ್ತ ಕೊಡಲು ಸುಳ್ಯಕ್ಕೆ ಹೋಗುವುದುಂಟೆಂದು ಹಿಂದಿನ ದಿನ ಅವರೇ ಹೇಳಿದ್ದರು. ಕೊಟ್ಟು, ಸಭೆಗೆ ತಡವಾದೀತೆಂದು ನೇರ ಬಸ್ಸು ಹತ್ತಿದ್ದರು. ತಟ್ಟೆ ತುಂಬ ಅವಲಕ್ಕಿ ಹಾಕಿ ಅವರ ತೊಡೆಯ ಮೇಲಿಟ್ಟಳು. ಅವರು ಪೂರ್ತಿ ತಿಂದರು, ತಟ್ಟೆಯ ತಳದ ಬೆಲ್ಲವನ್ನೂ ಬೆರಳಲ್ಲಿ ಒರಸಿ ತಿಂದರು.

“ಆಯ್ತು ಅಂದ್ರಲ್ಲ ಕುಕ್ಕಪ್ಪಣ್ಣ?”

“ಕೇಳಿದ್ರೆ ಬಾಯಿಗೆ ಬರುದು ಅದೇ ಅಲ್ವಾ. ಆಗ್ಲಿಲ್ಲ ಅಂದ್ರೆ ಕೊಡು ಅಂತ ಕೇಳಿದ ಹಾಗೆ ಆಗ್ತದೆ.”

“ಅರುವತ್ತೆರಡು ವರ್ಷದ ನಿಮಗೆ ಹೇಳ್ಲಿಕ್ಕೆ ಆಗುದಿಲ್ಲ. ಆ ಪ್ರಣೀತಾ ಇಡೀ ಶಾಲೆಯ ಎದುರು ಹೇಳ್ಬೇಕಾ?”

ಕುಕ್ಕಪ್ಪಣ್ಣ ಎದ್ದು ತಟ್ಟೆ ತೊಳೆದಿಟ್ಟರು. ಅಂದಿನ ಸಭೆಯಲ್ಲಿ ಸಂಘಕ್ಕೆ ಬರೆಯುವ ಮಾತು ಬರಲಿಲ್ಲ. ಸೋಮವಾರದಿಂದ ಪ್ರಾರ್ಥನೆ ಮುಗಿದ ಕೂಡಲೇ, ಹಾಜರಿ ಕರೆಯುವ ಮೊದಲು, ತರಗತಿಯಲ್ಲೇ ಎಲ್ಲರಿಗೂ ತಟ್ಟೆ, ಮೇಷ್ಟ್ರುಗಳಿಗೂ ತಟ್ಟೆ. ಪ್ರಣೀತಾ ತಲೆ ತಗ್ಗಿಸಿ, ಯಾರೋ ಅಟ್ಟಿಸಿಕೊಂಡು ಬಂದಂತೆ ತಿಂದಳು.

ಶೀಲಾವತಿ ಉಸಿರು ಬಿಡುವಷ್ಟರಲ್ಲಿ ಅಧ್ಯಕ್ಷರು ಸ್ವತಃ ಬಕೆಟ್ಟು ಹಿಡಿದು ಒಳಗೆ ಬಂದರು. ಸಾಲಿನುದ್ದಕ್ಕೂ ಪ್ರತಿ ಮಗುವಿನ ಮುಂದೆ ಬಾಗಿ, ಮನಃಪೂರ್ವಕ ಕಾಳಜಿಯಿಂದ, “ಸಾಕಾ?” ಎಂದು ಕೇಳತೊಡಗಿದರು. ಸಾಕು, ಸಾಕು ಎನ್ನುತ್ತ ಮಕ್ಕಳೆಲ್ಲ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು, ಪ್ರಣೀತಾಳೂ ಹಿಡಿದಳು. ಶೀಲಾವತಿ ಅವರ ಕೈಯಿಂದ ಬಕೆಟ್ಟು ಕಿತ್ತುಕೊಂಡು, ನೀರಿನ ಜಗ್ಗು ಕೊಟ್ಟು ಹಿಂದಿನ ಸಾಲಿಗೆ ಕಳಿಸಿದಳು. ಹುಡುಗಿಯ ಬೆರಳುಗಳನ್ನು ಸೌಟಿನಿಂದಲೇ ಮೆಲ್ಲಗೆ ಸರಿಸಿ ಇನ್ನೊಂದು ಸೌಟು ಹಾಕಿದಳು.

ಇಂಥವರು ನಮ್ಮ ಕಡೆ ಶಾಲೆಗೊಬ್ಬರಿದ್ದಾರೆ. ಮಕ್ಕಳಿಗಾಗಿ ಊರೂರು ಅಲೆಯುತ್ತಾರೆ, ಕಂಡವರ ಜಗಲಿಯಲ್ಲಿ ಕಾಯುತ್ತಾರೆ, ದಣಿವೆಂದು ಒಂದು ದಿನವೂ ಹೇಳುವುದಿಲ್ಲ. ತಮಗೆ ಬೇಕೆಂದು ಜನ್ಮದಲ್ಲಿ ಯಾರ ಹತ್ತಿರವೂ ಬಾಯಿ ಬಿಡದ ಈ ಜನ, ಹನ್ನೊಂದು ವರ್ಷದ ಮಗು ಬಾಯಿ ಬಿಟ್ಟು ಹೇಳಲಿ ಎಂದು ಮಾತ್ರ ಕಾಯುತ್ತಾರೆ. ಅವರಿಲ್ಲದೆ ಅವಲಕ್ಕಿ ಶಾಲೆಯವರೆಗೆ ಬರುವುದಿಲ್ಲ. ಅವರನ್ನು ದಾಟದೆ ಅದು ಮಕ್ಕಳ ತಟ್ಟೆಗೂ ಬರುವುದಿಲ್ಲ.