ಕಚ್ಚಾ ದಾರ

ತೊಂಬತ್ತೆಂಟಕ್ಕೆ ಬಂದು ಅದು ಮತ್ತೆ ನಿಂತಿತು. ಮಗಳು ಮೌಸಿನಿಂದ ಕೈ ತೆಗೆದು ಉಸಿರು ಬಿಗಿಹಿಡಿದಳು. ಹಸಿರು ಪಟ್ಟಿ ಇನ್ನೆರಡು ಹೆಜ್ಜೆ ಉಳಿದಿರುವಾಗ ಮೊಂಡು ಹಿಡಿದು ಕೂತಿತ್ತು. ಆಮೇಲೆ ಡಿಸ್ಕಿನಲ್ಲಿ ಜಾಗವಿಲ್ಲ ಎಂಬ ಸೂಚನೆ ಮೂಡಿತು. ಬೆಳಗಿನಿಂದ ಇದು ಮೂರನೆಯ ಸಲ.

ಕಂಪ್ಯೂಟರ್ ಇದ್ದದ್ದು ಹೊಲಿಗೆ ಅಂಗಡಿಯ ಹಿಂಬದಿಯಲ್ಲಿ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ. ಗೋಡೆಯಾಚೆಯ ನಡುಮನೆಯಲ್ಲಿ ಅಪ್ಪನನ್ನು ಮಲಗಿಸಿದ್ದರು. ನೋಡಲು ಬಂದವರು ದನಿ ತಗ್ಗಿಸಿ ಮಾತಾಡುತ್ತಿದ್ದರು; ಅವರಲ್ಲಿ ಅರ್ಧಕ್ಕರ್ಧ ಜನ ಅಪ್ಪ ಹೊಲಿದ ಬಟ್ಟೆ ತೊಟ್ಟೇ ಬಂದಿದ್ದರು. ನಾಲ್ಕು ಗಂಟೆಗೆ ಸ್ಮಶಾನಕ್ಕೆ ಒಯ್ಯುವ ಗಾಡಿ ಬರುವುದಿತ್ತು. ಅಷ್ಟರೊಳಗೆ ಅಪ್ಪ ಮಾಡಿದ ಸಿನಿಮಾ ನೋಡಬೇಕೆಂದು ಅಮ್ಮ ಪಟ್ಟು ಹಿಡಿದಿದ್ದಳು.

"ಅವ್ರು ಮನೇಲಿರೋವಾಗ್ಲೇ ನೋಡ್ತೀನಿ. ಆಮೇಲೆ ನೋಡಿ ಯಾರಿಗೆ ಹೇಳ್ಲಿ, ಚೆನ್ನಾಗಿದೆ ಅಂತ?"

ಸಿನಿಮಾ ಅಂದರೆ ಇಷ್ಟೇ. ಹೊಸ ಬಟ್ಟೆ ತೊಟ್ಟು ಅಂಗಡಿಯ ನಿಲುವುಗನ್ನಡಿಯ ಮುಂದೆ ಮೊದಲ ಸಲ ನಿಂತವರ ಮುಖವನ್ನು ಅಪ್ಪ ಒಂಬತ್ತು ವರ್ಷ ಹಿಡಿದಿಟ್ಟಿದ್ದರು. ಒಬ್ಬೊಬ್ಬರಿಗೆ ಅರ್ಧ ನಿಮಿಷ. ಅಂಗಡಿ ಮುಚ್ಚುವ ದಿನ ಇಡೀ ಬೀದಿಗೆ ತೋರಿಸುತ್ತೇನೆ ಎಂದಿದ್ದರು. ಆ ದಿನಕ್ಕೆ ಇನ್ನೂ ಹನ್ನೆರಡು ದಿನವಿತ್ತು. ಕ್ಯಾಮೆರಾ ಸದಾ ಅವರ ಕೈಯಲ್ಲೇ ಇದ್ದದ್ದರಿಂದ ಅವರದೇ ಫೋಟೊ ಒಂದೂ ಇರಲಿಲ್ಲ. ತಲೆಯ ಹತ್ತಿರ ಇಡಲು ಕೊನೆಗೆ ಗುರುತಿನ ಚೀಟಿಯದನ್ನೇ ದೊಡ್ಡದು ಮಾಡಿಸಿದ್ದರು. ಅದರಲ್ಲಿ ಅಪ್ಪ ಯಾರ ಮೇಲೋ ದೂರು ಕೊಡಲು ಬಂದವರಂತಿದ್ದರು.

ಬೆಳಿಗ್ಗೆ ಕಂಪ್ಯೂಟರಿನಲ್ಲಿ ಸಿಕ್ಕ ಒಂದು ಪ್ರತಿ ನೋಡುವ ಹಾಗಿರಲಿಲ್ಲ. ಮುಖಗಳೆಲ್ಲ ಚಹಾದಲ್ಲಿ ಅದ್ದಿದ ಬಿಸ್ಕತ್ತು. ಕೊನೆಯ ತುಣುಕಿನಲ್ಲಿ ಕಪ್ಪು ಕೋಟು ತೊಟ್ಟ ಯಾರೋ ಕನ್ನಡಿಯಲ್ಲಿ ನಿಂತಿದ್ದರು; ಯಾರೆಂದು ಹೇಳಲಾಗದು. ಅಮ್ಮ ಆ ಪ್ರತಿಯನ್ನು ಎರಡು ನಿಮಿಷ ನೋಡಿ, "ಇವ್ರೆಲ್ಲ ಯಾರೇ?" ಎಂದು ಎದ್ದು ಹೋಗಿದ್ದಳು. ಆ ಗಳಿಗೆಯಿಂದ ಮಗಳು ಈ ಕುರ್ಚಿ ಬಿಟ್ಟಿರಲಿಲ್ಲ. ಅಪ್ಪನ ಜೋಡಣೆಯಿಂದ ಪ್ರತಿಯನ್ನು ಹೊಸದಾಗಿ ತೆಗೆದರೆ ಸ್ಪಷ್ಟವಾಗಿ ಬಂದೀತೆಂಬುದು ಅವಳ ಆಸೆ.

*

ಆರು ತಿಂಗಳ ಹಿಂದೆ, ಅವಳು ಟಿಕೆಟ್ ಕೊಡುವ ಕಿಟಕಿಯಲ್ಲಿ ಕೂತಿದ್ದಾಗ ಅಪ್ಪನ ಫೋನು ಬಂದಿತ್ತು.

"ಸಿನಿಮಾ ತೊದಲ್ತಾ ಇದೆ ಕಣೇ. ಜನ ನಡೆಯೋದು ಬಿಟ್ಟು ನೆಗೀತಾರೆ. ಮಾತು ಒಂದು ಕಡೆ, ಬಾಯಿ ಒಂದು ಕಡೆ."

ಕಿಟಕಿಯಾಚೆ ಸಾಲು ಬೆಳೆಯುತ್ತಿತ್ತು. ಅವಳು ಅವಸರದಲ್ಲೇ ವಿವರಿಸಿದಳು. ಕ್ಯಾಮೆರಾದ ಫೈಲುಗಳು ಭಾರ, ಕಂಪ್ಯೂಟರಿಗೆ ವಯಸ್ಸಾಗಿದೆ, ಅದು ಹೊರಲಾರದು. ಎಲ್ಲದಕ್ಕೂ ಹಗುರವಾದ ಚಿಕ್ಕ ಪ್ರತಿ ಮಾಡಿಕೊಂಡು ಅದರಲ್ಲೇ ಕತ್ತರಿಸಿ ಜೋಡಿಸಬೇಕು. ಕೊನೆಯಲ್ಲಿ ಮಾತ್ರ ಚಿಕ್ಕದನ್ನು ತೆಗೆದು ಅದೇ ಜಾಗಕ್ಕೆ ದೊಡ್ಡದನ್ನು ತರಬೇಕು.

ಅಪ್ಪ ನಕ್ಕರು. "ಓ, ಇದಾ. ಇದು ನಮ್ಮ ಕೆಲಸವೇ ಬಿಡು."

ಯಾವ ಕೆಲಸ ಎಂದು ಅವಳು ಕೇಳಲಿಲ್ಲ. ದೊಡ್ಡದನ್ನು ತರುವುದು ಹೇಗೆಂದು ಅವರು ಕೇಳಿದಾಗ, "ಆಮೇಲೆ ಹೇಳ್ತೀನಪ್ಪ" ಎಂದು ಫೋನಿಟ್ಟಳು. ಆ ಆಮೇಲೆ ಬರಲೇ ಇಲ್ಲ.

*

ಎದುರು ಸಾಲಿನ ಸ್ಟುಡಿಯೊದವನು ಬಂದಾಗ ಎರಡೂವರೆ. ಮೂವತ್ತು ವರ್ಷ ಮದುವೆ ವಿಡಿಯೊ ಮಾಡಿದವನು; ಅಪ್ಪನ ಜೊತೆ ದಿನಕ್ಕೆ ಎರಡು ಸಲ ಚಹಾ, ಒಂದು ಸಲ ಜಗಳ. ಕುರ್ಚಿ ಎಳೆದುಕೊಂಡು ಕನ್ನಡಕ ಹಣೆಗೇರಿಸಿದ. ಡಿಸ್ಕಿನೊಳಗೆ ಎರಡೇ ಫೋಲ್ಡರ್‌ಗಳಿದ್ದವು. ಒಂದರ ಹೆಸರು 'ಕಚ್ಚಾ', ಇನ್ನೊಂದು 'ಥಾನು'.

"ನೋಡಮ್ಮ, ಕಚ್ಚಾ ಅಂದ್ರೆ ಶೂಟ್ ಮಾಡಿದ್ದು ಹಾಗೇ ಇರೋದು. ಅಸಲು ಅದೇ. ಅದನ್ನ ಮುಟ್ಟಬಾರದು," ಎಂದ. ಅಸಲೇ ಮಬ್ಬಾಗಿದ್ದರೆ ಯಾರೇನು ಮಾಡಲಾದೀತು, ನಿಮ್ಮಪ್ಪನ ಕ್ಯಾಮೆರಾ ಬಗ್ಗೆ ನಾನು ಮೊದಲೇ ಹೇಳಿದ್ದೆ, ಎಂದೂ ಸೇರಿಸಿದ. ಥಾನು ಮಾತ್ರ ಡಿಸ್ಕಿನ ಮುಕ್ಕಾಲು ಭಾಗ ನುಂಗಿ ಕೂತಿತ್ತು. ತೆರೆಯಲು ಹೋದರೆ ಕಂಪ್ಯೂಟರ್ ಉಸಿರುಗಟ್ಟಿ ನಿಲ್ಲುತ್ತಿತ್ತು. ಥಾನು ಅಂದರೆ ಬಟ್ಟೆಯ ಸುರುಳಿ; ಅಂಥವನ್ನು ಅಪ್ಪ ಗಿರಾಕಿಗಳಿಗಾಗಿ ಫೋಟೊ ಹಿಡಿಯುತ್ತಿದ್ದದ್ದು ಇಬ್ಬರಿಗೂ ಗೊತ್ತಿತ್ತು.

"ಮಾರಿಹೋದ ಬಟ್ಟೆ ಫೋಟೊ ಇಟ್ಕೊಂಡು ಏನ್ಮಾಡ್ತೀಯ? ತೆಗಿ. ಜಾಗ ಆದ್ರೆ ಮಬ್ಬೋ ಗಿಬ್ಬೋ, ಒಂದು ಪ್ರತಿನಾದ್ರೂ ಪೂರ್ತಿ ಬರುತ್ತೆ. ಆದ್ರೆ ಒಂದ್ಸಲ ಹೋದ್ರೆ ಹೋಯ್ತು, ನೋಡ್ಕೋ."

ಅವಳು ಥಾನುವಿನ ಮೇಲೆ ಬಾಣದ ಗುರುತು ತಂದು ನಿಲ್ಲಿಸಿದಳು.

ಮೇಜಿನ ಇನ್ನೊಂದು ತುದಿಯಲ್ಲಿ ಗುಂಡಿಯಕ್ಕ ಕೂತಿದ್ದಳು. ಈ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ ಗುಂಡಿ ಹಾಕಿ ಆ ಹೆಸರು ಪಡೆದವಳು. ಅಂಗಡಿ ಮುಚ್ಚುವ ದಿನ ತೊಡಲೆಂದು ಅಪ್ಪ ತಮಗೇ ಒಂದು ಕಪ್ಪು ಕೋಟು ಕತ್ತರಿಸಿಕೊಂಡು ಅರ್ಧಕ್ಕೆ ಬಿಟ್ಟಿದ್ದರು. ನಿನ್ನೆಯಿಂದ ಅವಳು ಅದನ್ನು ಹೊಲಿಯುತ್ತಿದ್ದಳು, ಅವರಿಗೆ ತೊಡಿಸಿ ಕಳಿಸಲು. ಬಾಗಿಲಲ್ಲಿ ಬಂದು ನಿಂತ ಅಮ್ಮ, ಇನ್ನೆಷ್ಟು ಹೊತ್ತು ಎಂದು ಕೇಳಿದಳು.

"ಆಯ್ತು ಅಮ್ಮಾವ್ರೇ. ಗಟ್ಟಿ ಹೊಲಿಗೆ ಬಿದ್ದಾಯ್ತು. ಕಚ್ಚಾ ಬಿಚ್ಚೋದು ಒಂದು ಬಾಕಿ," ಎಂದಳು ಗುಂಡಿಯಕ್ಕ, ತಲೆಯೆತ್ತದೆ. ತೋಳಿನಿಂದ ಒಂದು ಬಿಳಿ ದಾರ ಸರ್‍ರನೆ ಎಳೆದು ಮೇಜಿನ ಮೇಲೆ ಹಾಕಿದಳು.

ಮಗಳ ಬೆರಳು ಮೌಸಿನ ಮೇಲೇ ನಿಂತುಹೋಯಿತು.

*

ಏಳು ವರ್ಷದವಳಿದ್ದಾಗ ಅವಳಿಗೆ ಅಂಗಡಿಯಲ್ಲಿ ಒಂದೇ ಕೆಲಸ. ಇದೇ ಮೇಜಿನ ಕೆಳಗೆ ಕೂತು ಕಚ್ಚಾ ದಾರ ಎಳೆಯುವುದು. ದೊಡ್ಡ ದೊಡ್ಡ ಬಿಳಿ ಹೊಲಿಗೆ, ಕಪ್ಪು ಬಟ್ಟೆಯ ಮೇಲೂ ಬಿಳಿಯೇ.

"ಯಾಕಪ್ಪ ಬಿಳಿ?"

"ಕಾಣ್ಲಿ ಅಂತ. ಇದು ಇರೋಕೆ ಬಂದಿದ್ದಲ್ಲ, ಹೋಗೋಕೆ ಬಂದಿದ್ದು. ಬಟ್ಟೆ ಜಾರದೇ ಇರ್ಲಿ ಅಂತ ಅಷ್ಟೇ. ಕೊನೇಲಿ ಒಂದೂ ಉಳೀಬಾರ್ದು."

*

"ಮಾವ, ಕಚ್ಚಾ ಅಸಲಲ್ಲ," ಎಂದಳು ಮಗಳು.

ಸ್ಟುಡಿಯೊದವನು ವಾದಕ್ಕೆ ಬಾಯಿ ತೆರೆದ. ಗುಂಡಿಯಕ್ಕ ಕೈಯ ಕೋಟನ್ನೇ ಅವನ ಮೂಗಿನ ಮುಂದೆ ಹಿಡಿದಳು. "ದರ್ಜಿ ಮನೇಲಿ ಕೂತು ದರ್ಜಿಗೆ ಅರ್ಥ ಹೇಳ್ತೀರಲ್ಲ. ಅಸಲು ಥಾನಲ್ಲಿರುತ್ತೆ. ಕತ್ತರಿ ಬೀಳೋ ಮುಂಚಿಂದು." ಅವನು ಕನ್ನಡಕ ಇಳಿಸಿಕೊಂಡು, ನನಗೆ ಹೇಗೆ ಗೊತ್ತಾಗಬೇಕು, ನಿಮ್ಮ ಮುದುಕ ಕಂಪ್ಯೂಟರಿಗೂ ಅಳತೆ ತೆಗೆಯುವವನು, ಎಂದು ಗೊಣಗಿದ. ಗೊಣಗುತ್ತಲೇ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ.

ಈ ಸಲ ಥಾನು ತೆರೆಯುವವರೆಗೆ ಕಾದರು. ನಾಲ್ಕು ನಿಮಿಷ ಹಿಡಿಯಿತು. ಒಳಗೆ ಅದೇ ಹೆಸರಿನ ಅವೇ ತುಣುಕುಗಳು, ಆದರೆ ಒಂದೊಂದೂ ಹತ್ತರಷ್ಟು ಭಾರ. ಅವಳು ಸಿನಿಮಾದ ಜೋಡಣೆಗೆ ಥಾನುವಿನ ದಾರಿ ತೋರಿಸಿದಳು. ಪ್ರತಿಯೊಂದು ತುಣುಕೂ ಕತ್ತರಿಸಿದ ಅಳತೆಯಲ್ಲೇ ಹೋಗಿ ಕೂತಿತು. ಅಪ್ಪನ ಕೈ ಎಲ್ಲೂ ಎಳೆಯಷ್ಟೂ ತಪ್ಪಿರಲಿಲ್ಲ. ಜಾಗಕ್ಕಾಗಿ ಅವಳು ಕಚ್ಚಾ ಫೋಲ್ಡರನ್ನು ಅಳಿಸಿದಳು.

ಹಸಿರು ಪಟ್ಟಿ ಹೊರಟಿತು. ಎರಡು ಗಂಟೆ ಹತ್ತು ನಿಮಿಷ ಬೇಕು ಎಂದಿತು. ಗೋಡೆಯ ಗಡಿಯಾರದಲ್ಲಿ ಮೂರು ಇಪ್ಪತ್ತು.

ಅಮ್ಮ ಇನ್ನೂ ಬಾಗಿಲಲ್ಲೇ ಇದ್ದಳು. ಪೂರ್ತಿ ಆಗುವುದಿಲ್ಲ, ಒಂದು ತುಣುಕಾದರೆ ಆದೀತು ಎಂದು ಮಗಳು ಅವಳ ಮುಖ ನೋಡದೆ ಹೇಳಿದಳು. ಅವತ್ತೇ ಫೋನಿನಲ್ಲಿ ಇನ್ನೆರಡು ಮಾತು ಹೇಳಿದ್ದರೆ ಇಷ್ಟು ಹೊತ್ತಿಗೆ, ಎಂದು ಶುರುಮಾಡಿ ನಿಲ್ಲಿಸಿದಳು.

"ಬೀದಿಯವ್ರನ್ನ ದಿನಾ ನೋಡ್ತೀನಿ," ಎಂದಳು ಅಮ್ಮ. "ನಿಮ್ಮಪ್ಪ ಇರೋದು ಯಾವ್ದಾದ್ರೂ ಇದ್ರೆ ಅದನ್ನ ಹಾಕು."

ಗುಂಡಿಯಕ್ಕ ಕೋಟು ತೆಗೆದುಕೊಂಡು ನಡುಮನೆಗೆ ಹೋದಳು. ಅದರ ಕಪ್ಪು ಬೆನ್ನನ್ನು ನೋಡುತ್ತ ಮಗಳಿಗೆ ಬೆಳಗಿನ ಆ ಮಸುಕು ಆಕೃತಿ ನೆನಪಾಯಿತು. ಓಡುತ್ತಿದ್ದ ಪಟ್ಟಿಯನ್ನು ನಿಲ್ಲಿಸಿ, ಕೊನೆಯ ತುಣುಕನ್ನು ಮಾತ್ರ ಗುರುತು ಹಾಕಿ ಮತ್ತೆ ಒತ್ತಿದಳು. ತೊಂಬತ್ತೆಂಟು. ತೊಂಬತ್ತೊಂಬತ್ತು. ಪಟ್ಟಿ ತುಂಬಿತು.

ಗಾಡಿ ಬಂದು ಬೀದಿಯಲ್ಲಿ ನಿಂತ ಸದ್ದಾಯಿತು. ಅಮ್ಮ ಕುರ್ಚಿಯಲ್ಲಿ ಕೂತಳು.

ತೊದಲಲಿಲ್ಲ, ನೆಗೆಯಲಿಲ್ಲ. ನಿಲುವುಗನ್ನಡಿಯಲ್ಲಿ ಅಪ್ಪ. ಕುತ್ತಿಗೆಯಲ್ಲಿ ಅಳತೆಪಟ್ಟಿ, ಒಂದು ಕೈಯಲ್ಲಿ ಕ್ಯಾಮೆರಾ, ಮೈಮೇಲೆ ಹೊಸ ಕಪ್ಪು ಕೋಟು. ಮಬ್ಬಿನಲ್ಲಿ ಪೂರ್ತಿಯಾದಂತೆ ಕಂಡಿದ್ದ ಕೋಟಿನ ಮೇಲೆ ಈಗ ಹೆಗಲಿನಿಂದ ತೋಳಿನವರೆಗೆ ಬಿಳಿ ಹೊಲಿಗೆಗಳು ಒಂದೊಂದಾಗಿ ಕಾಣುತ್ತಿದ್ದವು. ಅಪ್ಪ ಆ ಕಡೆ ತಿರುಗಿದರು, ಈ ಕಡೆ ತಿರುಗಿದರು. ಬೇರೆಯವರೆಲ್ಲ ಆ ಕನ್ನಡಿಯ ಮುಂದೆ ಮಾಡಿದ್ದ ಮುಖವನ್ನೇ ತಾವೂ ಮಾಡಿದರು.

ಅಮ್ಮ ಮುಂದಕ್ಕೆ ಬಾಗಿ, ಹೆಬ್ಬೆರಳು ತೋರುಬೆರಳು ಸೇರಿಸಿ, ಪರದೆಯ ಗಾಜಿನ ಮೇಲೆ ಅವರ ಎಡಹೆಗಲಿನ ದಾರವೊಂದನ್ನು ಹಿಡಿದು ಮೆಲ್ಲಗೆ ಎಳೆದಳು.