ಮಂಗಟ್ಟೆಯ ಮಹಜರು

ಕರಾವಳಿಯ ಕಾಡಿನಲ್ಲಿ ಮಂಗಟ್ಟೆ ನಮ್ಮ ತಲೆಯ ಮೇಲೆಯೇ ಹಾರಿಹೋದಾಗ ನಾನು ತಲೆ ತಗ್ಗಿಸಿಕೊಂಡು ಫಾರಂ ತುಂಬುತ್ತಿದ್ದೆ. ಏಳು ಜನರ ತಂಡದಲ್ಲಿ ಆರು ಜನ ನೋಡಿದರು. ನಾನು 'ಸ್ಥಳದ ವಿವರ' ಎಂಬ ಕಾಲಂನಲ್ಲಿ ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಕಾಲುದಾರಿ ಎಂದು ಚಕ್ಕುಬಂದಿ ಬರೆಯುತ್ತಿದ್ದೆ. ಕತ್ತೆತ್ತುವಷ್ಟರಲ್ಲಿ ಅವರೆಲ್ಲ ಒಬ್ಬರ ಕೈ ಒಬ್ಬರು ಹಿಡಿದು ಕುಣಿಯುತ್ತಿದ್ದರು, ಹಕ್ಕಿ ಮಾತ್ರ ಗುಡ್ಡದ ಆಚೆಗಿತ್ತು.

ಇದು ಹೋದ ಜನವರಿಯ ಮಾತು. ಹೊನ್ನಾವರದ ಕಡೆ ಮೂರು ದಿನದ ಹಕ್ಕಿ ಸಮೀಕ್ಷೆ. ಬೆಳಿಗ್ಗೆ ಆರಕ್ಕೆ ಹೊರಟು, ಕಾಡಿನ ದಾರಿಯಲ್ಲಿ ಎರಡು ಕಿಲೋಮೀಟರು ನಡೆದು, ಕಂಡದ್ದನ್ನೂ ಕೇಳಿದ್ದನ್ನೂ ಹದಿನೈದು ನಿಮಿಷಕ್ಕೊಂದು ಹಾಳೆಯಲ್ಲಿ ಬರೆಯಬೇಕು. ಕಂದಾಯ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಗುಮಾಸ್ತೆಯಾಗಿದ್ದವಳು ನಾನು. ಹಾಳೆ ಕಂಡರೆ ಕೈ ತಾನಾಗಿಯೇ ಓಡುತ್ತದೆ. ನನ್ನ ಬರವಣಿಗೆಯ ಮೇಲೆ ಒಬ್ಬರೂ ಒಂದು ತಿದ್ದುಪಡಿ ಹಾಕಿದ್ದಿಲ್ಲ ಎಂದು ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಹೇಳಿಬಂದವಳು. ಆದರೆ ಮಂಗಟ್ಟೆ ತಪ್ಪಿಹೋಯಿತಲ್ಲ! ಚಿಂತಾಮಣಿಗೆ ವಾಪಸು ಬರುವ ಬಸ್ಸಿನಲ್ಲಿ ನಾನು ಅತ್ತಿದ್ದು ನಿಜ. ಅರವತ್ತೊಂದರ ವಯಸ್ಸಿಗೆ ಹಕ್ಕಿಗಾಗಿ ಅಳುವುದು ನಾಚಿಕೆಗೇಡು ಎನ್ನುವವರು ಬೇಕಾದರೆ ಎನ್ನಲಿ.

ಈಗ ಮಾರ್ಚಿಗೆ ಬನ್ನಿ. ಭಾನುವಾರ, ಬೆಳಿಗ್ಗೆ ಏಳೂ ಹತ್ತು. ಅಂಬಾಜಿದುರ್ಗದ ಇಳಿಜಾರಿನ ಬಂಡೆಯೊಂದರ ಮೇಲೆ ನಾನು ಮತ್ತು ಕೆಂಪರಾಜು. ಕೆಂಪರಾಜು ಟೊಮೆಟೊ ಬೆಳೆಯುವವನು. ವಾರಕ್ಕೊಮ್ಮೆ ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದು ಹಕ್ಕಿ ಎಣಿಸುತ್ತಾನೆ. ಅವತ್ತು ಅವನು ಬಂಡೆಯ ಆ ಕಡೆ, ಹೇಳಬಾರದ ಕೆಲಸಕ್ಕೆ ಹೋಗಿದ್ದ. ಕೆಳಗೆ ಹಿಪ್ಪುನೇರಳೆ ತೋಟ, ಅದರ ಅಂಚಿಗೊಂದು ದೊಡ್ಡ ಗೋಣಿಮರ, ಮರದ ತುಂಬ ಹಣ್ಣು. ನನ್ನ ಕೈಯಲ್ಲಿ ಫಾರಂ ಇರಲಿಲ್ಲ, ಪುಣ್ಯಕ್ಕೆ ಗಾಳಿಗೆ ಹಾರಿಹೋಗಿತ್ತು.

ಮರದೊಳಗಿಂದ ಅದು ಹೊರಟಿತು. ಕಪ್ಪು ಮೈ, ಬೆಳ್ಳನೆ ಹೊಟ್ಟೆ, ಹಳದಿ ಕೊಕ್ಕು, ಆ ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕು ಕೂರಿಸಿದ ಹಾಗೆ! ರೆಕ್ಕೆಯ ಸದ್ದು ನನ್ನ ಕಿವಿಗೆ ಕೇಳಿಸಿತು. ಕರಾವಳಿಯ ಮಂಗಟ್ಟೆ, ಸಮುದ್ರದಿಂದ ಇಷ್ಟು ದೂರ, ನಮ್ಮ ಕಲ್ಲುಗುಡ್ಡದಲ್ಲಿ! ನಾನು ಕಿರುಚಿದೆ. ಬಂಡೆಯ ಮೇಲೆ ಹಾರಿ ಹಾರಿ ಕುಣಿದೆ. ಒಂದು ಚಪ್ಪಲಿ ಕೆಳಗಿನ ಲಂಟಾನಾ ಪೊದೆಗೆ ಬಿತ್ತು, ಇವತ್ತಿಗೂ ಸಿಕ್ಕಿಲ್ಲ.

"ಏನಾಯ್ತು ಮೇಡಂ? ಹಾವಾ?" ಎಂದು ಕೆಂಪರಾಜು ಪ್ಯಾಂಟು ಸರಿಮಾಡಿಕೊಳ್ಳುತ್ತಾ ಓಡಿಬಂದ.

"ಮಂಗಟ್ಟೆ ಕಣೋ! ಮಂಗಟ್ಟೆ! ಅಲ್ಲಿ, ಅಲ್ಲಿ!"

ಅಲ್ಲಿ ಬರೀ ಆಕಾಶ ಇತ್ತು. ಕೆಂಪರಾಜು ಬಹಳ ಹೊತ್ತು ನೋಡಿ, "ನೆರಳು ಕಂಡಂಗಾಯ್ತು ಮೇಡಂ" ಅಂದ. ಒಳ್ಳೆಯವನು, ನನ್ನ ಮನಸ್ಸು ನೋಯಬಾರದು ಎಂದು ಅಂದದ್ದು.

ಫೋಟೋ ಇಲ್ಲ. ನೋಡಿದವಳು ನಾನೊಬ್ಬಳೇ. ನಮ್ಮ ಜಿಲ್ಲೆಯ ಹಕ್ಕಿ ದಾಖಲೆಗಳನ್ನು ಪರಿಶೀಲಿಸಿ ಒಪ್ಪುವುದೋ ಬಿಡುವುದೋ ಹೇಳುವವರು ಹರಿಕೃಷ್ಣ ಎಂಬ ಚಿಕ್ಕಬಳ್ಳಾಪುರದ ಮೇಷ್ಟರು. ಕರಾವಳಿಯಲ್ಲಿ ನಮ್ಮ ತಂಡದ ನಾಯಕರೂ ಅವರೇ. ನಾನು ಅಲ್ಲಿ ಮಂಗಟ್ಟೆ ತಪ್ಪಿಸಿಕೊಂಡು ಮುಖ ಊದಿಸಿಕೊಂಡಿದ್ದನ್ನು ಕಣ್ಣಾರೆ ಕಂಡವರು. ಪಂಕಜಮ್ಮ ಆಸೆಗೆ ಬಿದ್ದು ಮನೆಯ ಹಿಂದೆಯೇ ಮಂಗಟ್ಟೆ ಕಂಡಿದ್ದಾರೆ ಎಂದು ಅವರು ನನ್ನನ್ನು ನೋಡಿ ನಗುವುದು ನನಗೆ ಅಲ್ಲೇ ಕೇಳಿಸತೊಡಗಿತು. ಸುಳ್ಳಿ ಅನ್ನಿಸಿಕೊಳ್ಳುವುದೇ? ಮೂವತ್ತೆರಡು ವರ್ಷ ಕಲಿತ ವಿದ್ಯೆ ಇನ್ನು ಯಾವಾಗ ಉಪಯೋಗಕ್ಕೆ ಬರಬೇಕು?

ನೇರ ಗುಡ್ಡದ ಕೆಳಗಿನ ಊರೊಳಗೆ ಹೋದೆ. ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಮಹಜರು ಬರೆದೆ. 'ಈ ದಿನ ಬೆಳಿಗ್ಗೆ ಏಳೂ ಹತ್ತಕ್ಕೆ ಈ ಕೆಳಗೆ ರುಜು ಮಾಡಿರುವ ಪಂಚರ ಸಮಕ್ಷಮ' ಎಂದು ಶುರುಮಾಡಿ, ಸರ್ವೆ ನಂಬರು, ನಾಲ್ಕು ದಿಕ್ಕಿನ ಚಕ್ಕುಬಂದಿ, ಹಕ್ಕಿಯ ಬಣ್ಣ, ಕೊಕ್ಕಿನ ಅಂದಾಜು ಉದ್ದ ಎಲ್ಲ ಸೇರಿ ಎರಡು ಪುಟ. ಆ ಭಾಗದ ಸರ್ವೆ ನಂಬರುಗಳು ನನಗೆ ಬಾಯಿಪಾಠ, ಯಾವ ಕಾಗದವನ್ನೂ ನೋಡಬೇಕಾಗಿಲ್ಲ. ಬರೆದು ಮುಗಿಸಿ ಗಟ್ಟಿಯಾಗಿ, "ಹಕ್ಕಿ ನೋಡಿರೋರು ಸೈ ಹಾಕಿ" ಅಂದೆ.

ಸೈ ಬಿದ್ದವು ನೋಡಿ! ಟೀ ಕುಡಿಯುತ್ತಿದ್ದವರು, ಕೈವಾರದ ಬಸ್ಸಿಗೆ ಕಾಯುತ್ತಿದ್ದವರು, ಹಾಲು ಹಾಕಲು ಬಂದವರು. ಒಬ್ಬರ ಹಿಂದೊಬ್ಬರು ನಿಂತು, ಹೆಸರು, ತಂದೆಯ ಹೆಸರು, ಮೊಬೈಲ್ ನಂಬರು ಬರೆದು ರುಜು ಮಾಡಿದರು. ಒಟ್ಟು ಇಪ್ಪತ್ತೆರಡು. ಇಷ್ಟು ಜನ ನೋಡಿದ್ದಾರಲ್ಲ ಎಂದು ನನ್ನ ಎದೆ ಉಬ್ಬಿ ಬಂತು. ನನಗೆ ತಲೆ ನೆಟ್ಟಗಿರಲಿಲ್ಲ, ಬೇರೇನೂ ಹೇಳಲಾರೆ.

ಒಬ್ಬಳು ಮಾತ್ರ ಹಾಕಲಿಲ್ಲ. ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ ನಿಂತಿದ್ದ, ನನ್ನದೇ ವಯಸ್ಸಿನ ಹೆಂಗಸು. ಲಕ್ಷ್ಮಿದೇವಮ್ಮ ಅಂತೆ.

"ನೀವೂ ನೋಡಿದ್ರಾ ಅಮ್ಮ?" ಅಂದೆ.

"ನೋಡ್ದೆ. ಮೂರು ದಿನದಿಂದ ನೋಡ್ತಿದೀನಿ."

"ಹಂಗಾದ್ರೆ ಒಂದು ಸೈ..."

"ನಿಮ್ಮ ಕಾಗದಕ್ಕೆ ನಾನು ಸೈ ಹಾಕಲ್ಲ ಪಂಕಜಮ್ಮ" ಎಂದು ಹೊರೆ ಎತ್ತಿಕೊಂಡು ಹೋಗಿಯೇಬಿಟ್ಟಳು. ಹೋಗಲಿ, ಇಪ್ಪತ್ತೆರಡು ಇದೆಯಲ್ಲ ಎಂದುಕೊಂಡು ಮಹಜರಿನ ಚಿತ್ರ ತೆಗೆದು ಹರಿಕೃಷ್ಣ ಅವರಿಗೆ ಕಳಿಸಿದೆ. ಸಂಜೆಯವರೆಗೂ ಮನೆಯಲ್ಲಿ ಮಂಗಟ್ಟೆಯ ಹಾಗೆ ಕೂಗುತ್ತಾ ತಿರುಗಿದೆ. ಪಕ್ಕದ ಮನೆಯ ಶ್ಯಾಮಲಮ್ಮ ಬಂದು ಹುಷಾರಾಗಿದ್ದೀನಾ ಎಂದು ವಿಚಾರಿಸಿಕೊಂಡು ಹೋದರು.

ಮಂಗಳವಾರ ಹರಿಕೃಷ್ಣ ಫೋನು ಮಾಡಿದರು. ಮಾತಾಡುವುದಕ್ಕೆ ಮೊದಲು ಒಂದು ನಿಮಿಷ ಬರೀ ನಗು.

"ಮೇಡಂ, ನೀವು ಕೊಟ್ಟ ನಂಬರಿಗೆಲ್ಲ ಫೋನ್ ಮಾಡ್ದೆ. ರಾಮಾಂಜಿನಪ್ಪ ಅನ್ನೋರು, ಹಕ್ಕಿ ನೋಡಿದೀನಿ ಸಾರ್, ನಮ್ಮ ತಾತನ ಕಾಲದಿಂದ ನಮ್ಮ ಸ್ವಾಧೀನದಲ್ಲೇ ಇದೆ ಅಂದ್ರು."

ನಾನು ಮಹಜರು ತೆಗೆದು ಸೈಗಳ ನಡುವೆ ರಾಮಾಂಜಿನಪ್ಪನ ಹೆಸರು ಹುಡುಕಿದೆ.

"ಇನ್ನೊಬ್ಬರು, ಸಾಗುವಳಿ ಚೀಟಿ ಯಾವಾಗ ಕೊಡ್ತೀರಿ ಅಂತ ಕೇಳಿದ್ರು. ರಮೇಶ್‌ಬಾಬು ಅನ್ನೋರು ಶನಿವಾರದಿಂದ ಊರಲ್ಲೇ ಇಲ್ಲ, ಅವರ ಸೈ ಅವರ ತಮ್ಮ ಹಾಕಿದಾರೆ. ಕೆಂಪರಾಜು ಒಬ್ಬ ಮಾತ್ರ ನಿಜ ಹೇಳ್ದ. ನೆರಳೂ ನೋಡಿಲ್ಲ ಸಾರ್, ಮೇಡಂ ಕುಣಿದದ್ದು ಮಾತ್ರ ನೋಡ್ದೆ ಅಂದ."

ನನಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಕಂದಾಯದವರು ಕಾಗದ ಹಿಡಿದು ಬಂದರೆ ಜನ ಓದದೆ ಸೈ ಹಾಕುತ್ತಾರೆ, ಹಾಕದಿದ್ದರೆ ಎಲ್ಲಿ ತಮ್ಮ ಹೆಸರು ಬಿಟ್ಟುಹೋಗುತ್ತದೋ ಎಂಬ ಭಯ. ಜನ್ಮವೆಲ್ಲ ಹಾಗೆ ಸೈ ಹಾಕಿಸಿದ ನನಗೇ ಅದು ಹೊಳೆಯದೆ ಹೋಯಿತು.

"ಇಪ್ಪತ್ತೆರಡು ಜನ ಬೇಡ ಮೇಡಂ. ನಿಜವಾಗ್ಲೂ ನೋಡಿದೋರು ಇನ್ನೊಬ್ಬರಿದ್ರೆ ಸಾಕು. ಇಲ್ಲದಿದ್ರೆ ಇದನ್ನ ಒಪ್ಪಕ್ಕಾಗಲ್ಲ. ಬೂದು ಮಂಗಟ್ಟೆ ನಮ್ಮ ಕಡೆನೂ ಇದೆ, ಅದನ್ನೇ ನೋಡಿರ್ತೀರಿ ಅನ್ಸತ್ತೆ."

ಬೂದು ಮಂಗಟ್ಟೆಯಂತೆ! ಕೆಂಪರಾಜುವನ್ನು ಹೊರಡಿಸಿಕೊಂಡು ಆಗಲೇ ಹಿಪ್ಪುನೇರಳೆ ತೋಟಕ್ಕೆ ಹೋದೆ. ಲಕ್ಷ್ಮಿದೇವಮ್ಮ ಸೊಪ್ಪು ಕತ್ತರಿಸುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿಸಿಕೊಂಡು ಅಂದಳು, "ಈಗ ಕೆಲಸ ಇದೆ. ನಾಳೆ ಬಾರಮ್ಮ."

ಬುಧವಾರ ಹೋದೆ. "ರೇಷ್ಮೆಹುಳ ಎದ್ದಿದೆ, ಸೊಪ್ಪು ಹಾಕ್ಬೇಕು. ನಾಳೆ ಬಾರಮ್ಮ."

ಆ 'ನಾಳೆ ಬಾರಮ್ಮ' ಎಲ್ಲೋ ಕೇಳಿದ ದನಿ ಅನ್ನಿಸಿತು. ಬೈಕಿನ ಹಿಂದೆ ಕೂತು ಅರ್ಧ ದಾರಿ ಬಂದ ಮೇಲೆ ತಿಳಿಯಿತು, ಅದು ನನ್ನದೇ ದನಿ. ಕಿಟಕಿಯ ಆಚೆ ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಹಿಡಿದು ನಿಂತ ಒಬ್ಬಳು ಹೆಂಗಸು. ಕಿಟಕಿಯ ಈಚೆ ನಾನು. ಆದರೆ ಅವಳು ಯಾವ ಕೆಲಸಕ್ಕೆ ಬಂದಿದ್ದಳು ಎಂಬುದು ಏನು ಮಾಡಿದರೂ ನೆನಪಾಗಲಿಲ್ಲ. ಅಂಥವರು ಎಷ್ಟೋ ಜನ ಬರುತ್ತಿದ್ದರು. ಆ ರಾತ್ರಿ ಊಟ ಸೇರಲಿಲ್ಲ.

ಗುರುವಾರ ಬೆಳಿಗ್ಗೆ ಏಳಕ್ಕೇ ಹೋದೆ. ಹರಿಕೃಷ್ಣ ಅವರನ್ನೂ ಕಾಡಿ ಬೇಡಿ ಚಿಕ್ಕಬಳ್ಳಾಪುರದಿಂದ ಕರೆಸಿದ್ದೆ. ಲಕ್ಷ್ಮಿದೇವಮ್ಮ ನಮ್ಮನ್ನು ನೋಡಿ ಕುಡುಗೋಲು ಕೆಳಗಿಟ್ಟಳು.

"ಏಮಮ್ಮಾ, ಮೂರು ದಿನಕ್ಕೇ ಕಾಲು ನೋಯ್ತಾ? ನಾನು ಆರು ವರ್ಷ ತಿರುಗಿದೀನಿ. ಸರಿ, ಕೇಳಿ ಸಾರ್, ಏನು ಕೇಳ್ಬೇಕೋ."

"ನೀವು ನೋಡಿದ ಹಕ್ಕಿ ಹೆಂಗಿತ್ತಮ್ಮ?"

"ಹದ್ದಿಗಿಂತ ದೊಡ್ಡದು. ಮೈ ಕಪ್ಪು, ಹೊಟ್ಟೆ ಬೆಳ್ಳಗೆ. ಬಾಲ ನಡುವೆ ಕಪ್ಪು, ಎರಡೂ ಅಂಚು ಬೆಳ್ಳಗೆ. ಕೊಕ್ಕಿನ ಮೇಲಿನ ಗುಬುಟು ಇದೆಯಲ್ಲ, ಅದರ ಮುಂಭಾಗಕ್ಕೆ ಮಸಿ ಬಳಿದಂಗೆ ಕಪ್ಪು. ಕಣ್ಣು ಕೆಂಪು. ಹಣ್ಣನ್ನ ಕೊಕ್ಕಿನ ತುದೀಲಿ ಕಿತ್ತು, ಮೇಲಕ್ಕೆ ಎಸೆದು, ಬಾಯಿ ತೆಗೆದು ಹಿಡೀತಿತ್ತು. ಒಂದ್ಸಲಾನೂ ತಪ್ಪಲಿಲ್ಲ ಸಾರ್! ಸೊಪ್ಪು ಬಿಟ್ಟು ಅದನ್ನೇ ನೋಡ್ತಾ ಕೂತು ನಮ್ಮ ಯಜಮಾನ್ರ ಹತ್ರ ಬೈಸ್ಕೊಂಡೆ."

ಹರಿಕೃಷ್ಣ ಅವರ ಕೈಯಲ್ಲಿದ್ದ ಪೆನ್ನು ನಿಂತುಹೋಯಿತು. "ಗಂಡು ಹಕ್ಕಿ!" ಎಂದು ಕೂಗಿದರು. "ಬಾಲದ ಅಂಚನ್ನೂ ನೋಡಿದಾರೆ, ಮೇಡಂ! ಬೂದು ಅಲ್ಲವೇ ಅಲ್ಲ!" ಎಂದು ನನ್ನ ಎರಡೂ ಕೈ ಹಿಡಿದು ಕುಲುಕಿದರು. ನಾನು ಕೆಂಪರಾಜುವನ್ನು ಹಿಡಿದು ಕುಲುಕಿದೆ. ಹಿಪ್ಪುನೇರಳೆ ಸಾಲಿನ ನಡುವೆ ಮೂವರೂ ಬುದ್ಧಿ ಕೆಟ್ಟವರ ಹಾಗೆ ಕುಣಿದೆವು. ಲಕ್ಷ್ಮಿದೇವಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು.

"ಒಂದು ಸೈ ಹಾಕ್ಬಿಡಿ ಅಮ್ಮ, ಮುಗೀತು" ಎಂದು ಹರಿಕೃಷ್ಣ ನನ್ನ ಕೈಯಿಂದ ಮಹಜರನ್ನು ತೆಗೆದುಕೊಂಡು ಚಾಚಿದರು.

"ಮೊದ್ಲು ಅವ್ರು ಓದಲಿ."

ನಾನು ಉತ್ಸಾಹದಿಂದ ಓದತೊಡಗಿದೆ. "ಸರ್ವೆ ನಂಬರು ನಲವತ್ತೇಳು, ಸರ್ಕಾರಿ ಗೋಮಾಳದಲ್ಲಿರುವ ಗೋಣಿಮರದಲ್ಲಿ..."

"ನಿಲ್ಸಿ. ಯಾವ ಗೋಮಾಳ?"

ನಾನು ಮರ ನೋಡಿದೆ, ಅವಳ ತೋಟ ನೋಡಿದೆ, ನಡುವೆ ಬದುವೂ ಇಲ್ಲ, ಬೇಲಿಯೂ ಇಲ್ಲ. ಆಗ ಎಲ್ಲ ಒಟ್ಟಿಗೇ ನೆನಪಾಯಿತು. ಕಚೇರಿಯಲ್ಲಿ ಹಳೆಯ ಪಹಣಿ ಪುಸ್ತಕದಿಂದ ಹೊಸದಕ್ಕೆ ನಕಲು ಮಾಡುವಾಗ ಒಂದು ಸಾಲು ಮೇಲೆ ಕೆಳಗಾಗಿ ಈ ಅಂಚಿನ ಅರ್ಧ ಎಕರೆಯನ್ನು ಗೋಮಾಳಕ್ಕೆ ಬರೆದಿದ್ದೆ. ಕಿಟಕಿಯ ಆಚೆಯ ಆ ಹೆಂಗಸು, ಇದೇ ಲಕ್ಷ್ಮಿದೇವಮ್ಮ, ಬಂದು ಕೇಳಿದಾಗ ತಪ್ಪು ನನ್ನದಿರಲಾರದು ಎಂದು ಪುಸ್ತಕ ಕೂಡ ತೆಗೆಯದೆ ಕಳಿಸಿದ್ದೆ. ಒಂದು ಸಲವಲ್ಲ, ಎಷ್ಟೋ ಸಲ.

"ಮೇಲಿನ ಕಚೇರೀಲಿ ಹೋರಾಡಿ ಸರಿ ಮಾಡಿಸ್ಕೊಂಡಿದೀನಿ. ಪಹಣೀಲಿ ಈಗ ನನ್ನ ಹೆಸರೇ ಇರೋದು" ಅಂದಳು ಲಕ್ಷ್ಮಿದೇವಮ್ಮ. "ಆದ್ರೆ ನಿಮ್ಮ ತಲೇಲಿ ಇನ್ನೂ ಗೋಮಾಳನೇ ಇದೆ. ಇದಕ್ಕೆ ನಾನು ಹೆಂಗೆ ಸೈ ಹಾಕ್ಲಿ?"

"ಹಕ್ಕಿ ಕಾಗದಕ್ಕೆ ಗೋಮಾಳ ಆದ್ರೇನು, ಪಟ್ಟಾ ಆದ್ರೇನು ಅಮ್ಮ" ಎಂದು ಹರಿಕೃಷ್ಣ ಸಮಾಧಾನ ಮಾಡಲು ಹೋದರು.

"ನಿಮಗೆ ಏನೂ ಇಲ್ಲ ಸಾರ್. ನನಗೆ ಅವ್ರ ಕೈಬರಹದಲ್ಲಿ ಬೇಕು."

ಅಷ್ಟು ಹೊತ್ತು ಕುಣಿದ ಕಾಲು ಅದೇ ಮಣ್ಣಿನಲ್ಲಿ ಹೂತುಹೋದ ಹಾಗಾಯಿತು. ಮಹಜರನ್ನು ಸೊಪ್ಪಿನ ಬುಟ್ಟಿಯ ಮೇಲಿಟ್ಟು 'ಸರ್ಕಾರಿ ಗೋಮಾಳ' ಎಂಬುದಕ್ಕೆ ಅಡ್ಡಗೆರೆ ಎಳೆದೆ. ಮೇಲೆ 'ಶ್ರೀಮತಿ ಲಕ್ಷ್ಮಿದೇವಮ್ಮನವರ ಸ್ವಂತ ಜಮೀನು' ಎಂದು ದುಂಡಗೆ ಬರೆದೆ. ಪಕ್ಕದಲ್ಲಿ 'ತಪ್ಪು ನನ್ನದು' ಎಂದು ಸೇರಿಸಿ ಚಿಕ್ಕ ರುಜು ಹಾಕಿದೆ. ಅದೇ ಓಟದಲ್ಲಿ ಇಪ್ಪತ್ತೆರಡು ಸೈಗಳನ್ನೂ ಒಂದೊಂದಾಗಿ ಹೊಡೆದುಹಾಕಿದೆ. ಹೇಳಿದರೆ ನಂಬುತ್ತೀರೋ ಇಲ್ಲವೋ, ಕಡೆಯ ಸೈ ಹೊಡೆಯುವ ಹೊತ್ತಿಗೆ ನನಗೆ ತಡೆಯಲಾಗದ ನಗು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಲಕ್ಷ್ಮಿದೇವಮ್ಮನೂ ನಕ್ಕುಬಿಟ್ಟಳು. ಅವಳಿಗೆ ಮುಂದಿನ ಎರಡು ಹಲ್ಲು ಇಲ್ಲದ್ದು ಆಗಲೇ ನಾನು ಕಂಡದ್ದು.

ಅವಳು ಕಾಗದವನ್ನು ಮೊದಲಿಂದ ಕೊನೆಯವರೆಗೆ ಬೆರಳಿಟ್ಟು ಓದಿದಳು. ಕಾಲು ಗಂಟೆಯಾಯಿತು, ಯಾರೂ ಅವಸರ ಮಾಡಲಿಲ್ಲ. ಆಮೇಲೆ ಸೈ ಹಾಕಿದಳು.

"ಮೊದಲು ನೋಡಿದೋರು ನೀವೇ, ದಾಖಲೆ ನಿಮ್ಮ ಹೆಸರಿಗೆ ಬರತ್ತಮ್ಮ" ಅಂದರು ಹರಿಕೃಷ್ಣ.

"ಹಕ್ಕಿ ಅವ್ರ ಹೆಸರಿಗೇ ಬರ್ಕೊಳಿ, ನನ್ನ ತಕರಾರಿಲ್ಲ. ಮರ ಮಾತ್ರ ನಂದು" ಅಂದಳು. ಕುಡುಗೋಲು ಎತ್ತಿಕೊಂಡು ಹೊರಟವಳು ತಿರುಗಿ ನನ್ನ ಕಡೆ ನೋಡಿದಳು. "ಆ ಕಾಗದದ್ದೊಂದು ನಕಲು ಬೇಕಲ್ಲ ಪಂಕಜಮ್ಮ."

ಕೈವಾರದ ಜೆರಾಕ್ಸ್ ಅಂಗಡಿ ತೆಗೆಯುವುದು ಹತ್ತು ಗಂಟೆಗೆ. ಒಂಬತ್ತೂವರೆಗೇ ನಾನು ಅದರ ಬಾಗಿಲಲ್ಲಿ ನಿಂತಿದ್ದೆ.